ಆ ದಿನ ಎಷ್ಟು ಉದ್ದ?

1925ರ ಜುಲೈ 20, ಸೋಮವಾರ ಮಧ್ಯಾಹ್ನ. ಅಮೆರಿಕದ ಟೆನೆಸ್ಸಿ ರಾಜ್ಯದ ಡೇಟನ್ ಎಂಬ ಸಣ್ಣ ಊರು. ಶಾಲೆಯಲ್ಲಿ ವಿಕಾಸವಾದ ಕಲಿಸಿದ ಎಂಬ ಆರೋಪದ ಮೇಲೆ ಶಿಕ್ಷಕನೊಬ್ಬನ ವಿಚಾರಣೆ. ಕೋರ್ಟಿನ ಒಳಗೆ ಕೂರಲಾಗದ ಸೆಕೆ. ಜನ ಕಿಕ್ಕಿರಿದಿದ್ದರು. ಮಹಡಿ ಎಲ್ಲಿ ಕುಸಿಯುತ್ತದೋ ಎಂಬ ಅಂಜಿಕೆ ಬೇರೆ. ನ್ಯಾಯಾಧೀಶ ಜಾನ್ ರಾಲ್ಸ್ಟನ್ ಇಡೀ ಕೋರ್ಟನ್ನೇ ಹೊರಗಿನ ಹುಲ್ಲುಹಾಸಿಗೆ ಸಾಗಿಸಿಬಿಟ್ಟರು. ಅಲ್ಲಿ ಕಟ್ಟಡದ ಗೋಡೆಗೆ ಒಂದು ದೊಡ್ಡ ಫಲಕ ಹಾಕಿತ್ತು: ‘ನಿಮ್ಮ ಬೈಬಲ್ ಓದಿ’. ತೀರ್ಪು ಹೇಳುವ ಹನ್ನೆರಡು ಜನಸಾಮಾನ್ಯರ ಜ್ಯೂರಿ ಕೂರುವ ಜಾಗದಿಂದ ಅದು ಕಣ್ಣಿಗೆ ರಾಚುವಂತಿತ್ತು. ಆರೋಪಿಯ ಪರ ವಕೀಲ ಕ್ಲಾರೆನ್ಸ್ ಡ್ಯಾರೋ ತಕರಾರು ತೆಗೆದರು. ಒಂದಷ್ಟು ವಾದ ನಡೆಯಿತು. ಕೊನೆಗೆ ಫಲಕ ಇಳಿಸಿದರು.

ಫಲಕ ಇಳಿಸಿದ ಮೇಲೆ ಅಲ್ಲಿ ನಡೆದದ್ದು ಏನು ಗೊತ್ತಾ? ಸುಮಾರು ಎರಡು ಗಂಟೆ ಕಾಲ, ದೊಡ್ಡ ಜನಜಂಗುಳಿಯ ಎದುರು, ಬೈಬಲ್ ಓದುವುದು ಹೇಗೆ ಎಂಬ ಜಗಳ.

ಧರ್ಮಗ್ರಂಥವನ್ನು ಅಕ್ಷರಶಃ ಓದಬೇಕೋ, ಪುರಾಣದಂತೆ ಓದಬೇಕೋ ಎಂಬ ಮಾತು ಎದ್ದಾಗ ವಾದ ಸಾಮಾನ್ಯವಾಗಿ ಗಾಳಿಯಲ್ಲೇ ತೇಲುತ್ತದೆ. ಡೇಟನ್ನಿನಲ್ಲಿ ಹಾಗಾಗಲಿಲ್ಲ. ಬೈಬಲ್ಲನ್ನು ನಂಬುವ ಒಬ್ಬರು ಸಾಕ್ಷಿಯ ಕುರ್ಚಿಯಲ್ಲಿ ಕೂತಿದ್ದರು. ಒಬ್ಬ ಸಂದೇಹವಾದಿ ಒಂದೊಂದೇ ವಚನ ಹಿಡಿದು ಪ್ರಶ್ನೆ ಕೇಳುತ್ತಿದ್ದರು. ಇಬ್ಬರ ಮಾತೂ ದಾಖಲಾಗುತ್ತಿತ್ತು. ಆ ದಾಖಲೆ ಇವತ್ತಿಗೂ ಸಿಗುತ್ತದೆ. ಅದನ್ನು ಓದಿದಾಗ ನನಗೆ ಅನಿಸಿದ್ದು, ಈ ಪ್ರಕರಣದ ಬಗ್ಗೆ ಜನ ಸಾಮಾನ್ಯವಾಗಿ ಹೇಳುವುದಕ್ಕಿಂತ ಬೇರೆಯೇ. ಅದಕ್ಕೇ ಈ ಬರಹ.

ಮೊಕದ್ದಮೆ ಹುಟ್ಟಿದ ಬಗೆ

ಈ ಭಾಗವನ್ನು ಬೇಗ ಮುಗಿಸುತ್ತೇನೆ. 1925ರ ಮಾರ್ಚಿನಲ್ಲಿ ಟೆನೆಸ್ಸಿಯಲ್ಲಿ ಬಟ್ಲರ್ ಕಾಯ್ದೆ ಜಾರಿಗೆ ಬಂತು. ಮನುಷ್ಯನನ್ನು ದೇವರು ಸೃಷ್ಟಿಸಿದ ಎಂದು ಬೈಬಲ್ ಹೇಳುವ ಕಥೆಯನ್ನು ಅಲ್ಲಗಳೆದು, ಮನುಷ್ಯ ಕೆಳಗಿನ ಪ್ರಾಣಿಗಳಿಂದ ಬಂದ ಎಂದು ಸರ್ಕಾರಿ ಹಣದ ಶಾಲೆಗಳಲ್ಲಿ ಕಲಿಸಬಾರದು ಎಂಬುದು ಅದರ ಸಾರ. ತಪ್ಪಿದರೆ 100ರಿಂದ 500 ಡಾಲರ್ ದಂಡ. ಈ ಕಾಯ್ದೆಯನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಸಿದ್ಧವಿರುವ ಶಿಕ್ಷಕರು ಬೇಕು ಎಂದು ಅಮೆರಿಕನ್ ನಾಗರಿಕ ಸ್ವಾತಂತ್ರ್ಯ ಒಕ್ಕೂಟ ಪ್ರಕಟಣೆ ಕೊಟ್ಟಿತು. ಡೇಟನ್ನಿನ ಕೆಲವರು ಔಷಧಿ ಅಂಗಡಿಯೊಂದರಲ್ಲಿ ಕೂತು ಲೆಕ್ಕ ಹಾಕಿದರು: ಮೊಕದ್ದಮೆ ನಮ್ಮೂರಲ್ಲೇ ನಡೆದರೆ ಊರಿಗೆ ಹೆಸರು ಬರುತ್ತದೆ. 24 ವರ್ಷದ ಶಿಕ್ಷಕ ಜಾನ್ ಸ್ಕೋಪ್ಸ್ ಒಪ್ಪಿಕೊಂಡರು. ತಾನು ನಿಜಕ್ಕೂ ವಿಕಾಸವಾದದ ಪಾಠ ಮಾಡಿದ್ದೆನೋ ಇಲ್ಲವೋ ಎಂಬುದು ಅವರಿಗೇ ಸರಿಯಾಗಿ ನೆನಪಿರಲಿಲ್ಲ. ತಮಾಷೆ ಎಂದರೆ, ವಿಕಾಸವಾದ ಇದ್ದ ಪಠ್ಯಪುಸ್ತಕ ಸರ್ಕಾರವೇ ಒಪ್ಪಿದ್ದು.

ಈಗ ಕಾಯ್ದೆಯ ಮಾತನ್ನು ಇನ್ನೊಮ್ಮೆ ನೋಡಿ. ‘ಬೈಬಲ್ ಹೇಳುವ ಸೃಷ್ಟಿಯ ಕಥೆ’. ಯಾವ ಕಥೆ? ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಪ್ರಾಣಿಗಳು ಮೊದಲು, ಮನುಷ್ಯ ಆಮೇಲೆ. ಗಂಡು ಹೆಣ್ಣು ಇಬ್ಬರೂ ಒಟ್ಟಿಗೆ. ಎರಡನೆಯ ಅಧ್ಯಾಯದಲ್ಲಿ ದೇವರು ಮಣ್ಣಿನಿಂದ ಗಂಡನ್ನು ಮೊದಲು ಮಾಡುತ್ತಾನೆ. ಅವನು ಒಂಟಿಯಾಗಿರುವುದು ಒಳ್ಳೆಯದಲ್ಲ ಎಂದು ಪ್ರಾಣಿಗಳು ಬರುತ್ತವೆ. ಕೊನೆಗೆ ಹೆಣ್ಣು. ಎರಡೂ ಅಕ್ಕಪಕ್ಕದ ಪುಟದಲ್ಲೇ ಇವೆ. ಶಿಕ್ಷಕ ಯಾವುದನ್ನು ಅಲ್ಲಗಳೆಯಬಾರದು?

ಹೋಗಲಿ, ಯಾವ ಬೈಬಲ್? ಸರ್ಕಾರಿ ವಕೀಲ ಟಾಮ್ ಸ್ಟೂವರ್ಟ್ ಕಿಂಗ್ ಜೇಮ್ಸ್ ಎಂಬ ಇಂಗ್ಲಿಷ್ ಅನುವಾದವನ್ನು ಸಾಕ್ಷ್ಯವಾಗಿ ಕೊಟ್ಟರು. ಡ್ಯಾರೋ ಜೊತೆಗಿದ್ದ ವಕೀಲ ಆರ್ಥರ್ ಗಾರ್ಫೀಲ್ಡ್ ಹೇಸ್ ಆಕ್ಷೇಪ ಎತ್ತಿದರು. ಬೈಬಲ್ ಅನ್ನುವುದು ಒಂದೇ ಅಲ್ಲ, ಮೂಲ ಇಂಗ್ಲಿಷಿನಲ್ಲೂ ಇಲ್ಲ ಎಂಬುದು ಅವರ ವಾದ. ಆಕ್ಷೇಪ ನಿಲ್ಲಲಿಲ್ಲ. ಆದರೆ ಗಂಟು ಅಲ್ಲೇ ಇತ್ತು. ಒಂದು ಧರ್ಮಗ್ರಂಥದ ಅರ್ಥವನ್ನು ಕಾನೂನಿಗೆ ಸೇರಿಸಿದರೆ, ಅದನ್ನು ಹೇಗೆ ಓದಬೇಕು ಎಂಬುದನ್ನೂ ಕೋರ್ಟೇ ಹೇಳಬೇಕಾಗುತ್ತದೆ. ರಾಲ್ಸ್ಟನ್ ಅವರಿಗೆ ಅದು ಬೇಡವಾಗಿತ್ತು. ಹೊರಗಿನಿಂದ ಬಂದಿದ್ದ ವಿಜ್ಞಾನಿಗಳೂ ಧರ್ಮಶಾಸ್ತ್ರದ ಪಂಡಿತರೂ ಜ್ಯೂರಿ ಮುಂದೆ ಸಾಕ್ಷಿ ಹೇಳುವುದು ಬೇಡ ಎಂದು ಜುಲೈ 17ರಂದು ತೀರ್ಪು ಕೊಟ್ಟರು.

ಪರಿಣತರಿಗೆ ಬಾಗಿಲು ಮುಚ್ಚಿದ ಮೇಲೆ ಡ್ಯಾರೋ ಕಡೆಯವರು ಯಾರೂ ಊಹಿಸದ ಕೆಲಸ ಮಾಡಿದರು. ಎದುರು ಪಕ್ಷದ ವಕೀಲರನ್ನೇ ಸಾಕ್ಷಿಗೆ ಕರೆದರು.

ಸಾಕ್ಷಿ

ವಿಲಿಯಂ ಜೆನ್ನಿಂಗ್ಸ್ ಬ್ರಯನ್. ವಯಸ್ಸು 65. 1896, 1900, 1908, ಮೂರು ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತವರು. ವಿದೇಶಾಂಗ ಸಚಿವರಾಗಿದ್ದವರು. ದೇಶ ಯುದ್ಧದ ಕಡೆ ವಾಲುತ್ತಿದೆ ಎಂದು 1915ರಲ್ಲಿ ಆ ಹುದ್ದೆ ಬಿಟ್ಟವರು. ರೈತರ, ಬಡವರ ಪರ ದನಿ ಎತ್ತಿದ ರಾಜಕಾರಣಿ.

ಅವರನ್ನು ಹಳೇ ಕಾಲದ ಮೊದ್ದು ಎಂದು ತೋರಿಸುವುದು ರೂಢಿ. ನನಗೆ ಒಪ್ಪಿಗೆಯಿಲ್ಲ. ವಿಕಾಸವಾದದ ಬಗ್ಗೆ ಬ್ರಯನ್ ಅವರಿಗಿದ್ದ ಭಯ ಬರೀ ಬೈಬಲ್ಲಿನ ವಚನಗಳದ್ದಲ್ಲ. ಬಲಶಾಲಿ ಉಳಿಯುತ್ತಾನೆ, ದುರ್ಬಲ ಅಳಿಯುತ್ತಾನೆ ಎಂಬ ಮಾತು ಮನುಷ್ಯರ ನಡುವೆ ನೀತಿಯಾದರೆ ಏನಾಗುತ್ತದೆ ಎಂಬ ಭಯ. ಮೊದಲ ಮಹಾಯುದ್ಧ ಮುಗಿದು ಆಗಿನ್ನೂ ಏಳು ವರ್ಷ. ಸ್ಕೋಪ್ಸ್ ಬಳಸಿದ್ದ ಆ ಪಠ್ಯಪುಸ್ತಕವನ್ನೇ ತೆಗೆದುಕೊಳ್ಳಿ. ಅದರಲ್ಲಿ ಮನುಷ್ಯ ಜನಾಂಗಗಳನ್ನು ಮೇಲು ಕೀಳೆಂದು ಸಾಲಾಗಿ ನಿಲ್ಲಿಸಿ, ಬಿಳಿಯರನ್ನು ತುದಿಯಲ್ಲಿ ಇಟ್ಟಿತ್ತು. ‘ಕೆಟ್ಟ’ ಕುಟುಂಬಗಳು ಸಂತಾನ ಬೆಳೆಸದಂತೆ ತಡೆಯಬೇಕು ಎಂಬ ಪಾಠವೂ ಇತ್ತು. ವಿಜ್ಞಾನದ ಹೆಸರಿನಲ್ಲಿ ಬಂದ ಈ ಭಾಗವನ್ನು ಆ ಹುಲ್ಲುಹಾಸಿನ ಮೇಲೆ ಯಾರೂ ಪ್ರಶ್ನಿಸಲಿಲ್ಲ.

ಸಾಕ್ಷಿ ಹೇಳಲೇಬೇಕು ಎಂಬ ಬಲವಂತ ಬ್ರಯನ್ ಅವರಿಗೆ ಇರಲಿಲ್ಲ. ಸ್ಟೂವರ್ಟ್ ಮತ್ತೆ ಮತ್ತೆ ತಡೆಯಲು ನೋಡಿದರು. ಇವರು ಬಂದಿರುವುದು ಈ ಮೊಕದ್ದಮೆ ನಡೆಸಲಿಕ್ಕಲ್ಲ, ನಮ್ಮ ಧರ್ಮವನ್ನೇ ವಿಚಾರಣೆಗೆ ನಿಲ್ಲಿಸಲಿಕ್ಕೆ; ಅದನ್ನು ಕಾಪಾಡಲು ನಾನಿದ್ದೇನೆ, ಏನು ಬೇಕಾದರೂ ಕೇಳಲಿ ಎಂದುಬಿಟ್ಟರು ಬ್ರಯನ್. ಆಮೇಲೆ ತಾನೂ ಡ್ಯಾರೋ ಕಡೆಯವರನ್ನು ಸಾಕ್ಷಿ ಕಟ್ಟೆಗೆ ಕರೆಯುವೆ ಎಂಬ ಷರತ್ತು ಹಾಕಿ ಕುರ್ಚಿಗೆ ಹೋದರು. ಪ್ರಮಾಣ ಮಾಡಿಸಬೇಕೇ ಎಂದು ನ್ಯಾಯಾಧೀಶರು ಕೇಳಿದರು. ಬೇಡ, ನೀವು ನಿಜವನ್ನೇ ಹೇಳುತ್ತೀರಿ ಎಂದುಕೊಂಡಿದ್ದೇನೆ ಎಂದರು ಡ್ಯಾರೋ.

ಉಪ್ಪು, ಸೂರ್ಯ, ದಿನ

ಡ್ಯಾರೋ ಮೊದಲೇ ಬುಡಕ್ಕೆ ಕೈ ಹಾಕಿದರು. ಬೈಬಲ್ಲಿನಲ್ಲಿ ಇರುವುದನ್ನೆಲ್ಲ ಅಕ್ಷರಶಃ ಅರ್ಥ ಮಾಡಿಕೊಳ್ಳಬೇಕು ಅಂತೀರಾ?

ಬ್ರಯನ್ ಕೊಟ್ಟ ಉತ್ತರ, ನನ್ನ ಲೆಕ್ಕದಲ್ಲಿ, ಇಡೀ ಎರಡು ಗಂಟೆಯಲ್ಲೇ ಮುಖ್ಯವಾದದ್ದು. ಬೈಬಲ್ಲಿನಲ್ಲಿ ಇರುವುದನ್ನೆಲ್ಲ ಅಲ್ಲಿ ಹೇಗೆ ಕೊಟ್ಟಿದೆಯೋ ಹಾಗೇ ಒಪ್ಪಬೇಕು. ಆದರೆ ಕೆಲವು ಮಾತುಗಳು ಉಪಮೆಯಾಗಿ ಬಂದಿವೆ. ‘ನೀವು ಭೂಮಿಗೆ ಉಪ್ಪಾಗಿದ್ದೀರಿ’ ಎಂದಿದೆ. ಮನುಷ್ಯ ನಿಜಕ್ಕೂ ಉಪ್ಪಾಗಿದ್ದ, ಅವನ ಮಾಂಸ ಉಪ್ಪಿನದಾಗಿತ್ತು ಎಂದು ನಾನು ಹಟ ಹಿಡಿಯುವುದಿಲ್ಲ.

ಸರಿ ತಾನೇ? ಯಾರೂ ಹಟ ಹಿಡಿಯುವುದಿಲ್ಲ. ಆದರೆ ಆ ಒಂದು ಮಾತಿನಿಂದ ‘ಅಕ್ಷರಶಃ ಓದುವವನು’ ಎಂಬ ಬಿರುದು ಬ್ರಯನ್ ಅವರ ಮೇಲಿಂದ ಜಾರಿಹೋಯಿತು. ಕೆಲವನ್ನು ನೇರವಾಗಿ, ಕೆಲವನ್ನು ಸುತ್ತಿ ಓದಬೇಕು ಎಂದಾಯಿತು. ಗ್ರಂಥದ ಅರ್ಥ ತೆರೆಯುವ ಮೊದಲ ಕೀಲಿಕೈ ಇದು. ಯಾವುದು ಯಾವುದು ಎಂದು ಬೇರ್ಪಡಿಸುವ ಜರಡಿ ಯಾವುದು? ಡ್ಯಾರೋ ಈ ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ. ಅವರಿಗೆ ಮೀನು ಬೇಕಾಗಿತ್ತು.

ಬೈಬಲ್ಲಿನ ಪ್ರವಾದಿ ಯೋನನನ್ನು ತಿಮಿಂಗಿಲ ನುಂಗಿತೇ? ತಿಮಿಂಗಿಲ ಎಂದಿಲ್ಲ, ದೊಡ್ಡ ಮೀನು ಎಂದಿದೆ ಎಂದು ಬ್ರಯನ್ ತಿದ್ದಿದರು. ಮೀನನ್ನೂ ಮನುಷ್ಯನನ್ನೂ ಮಾಡಬಲ್ಲ ದೇವರು, ಅವೆರಡರಿಂದಲೂ ತನಗೆ ಬೇಕಾದ್ದನ್ನು ಮಾಡಿಸಬಲ್ಲ ಎಂದರು. ಚಪ್ಪಾಳೆ ಬಿತ್ತು.

ಆಮೇಲೆ ಯೆಹೋಶುವನ ಸೂರ್ಯ. ಯುದ್ಧ ಮುಗಿಯುವವರೆಗೂ ಸೂರ್ಯ ನಿಲ್ಲಲಿ ಎಂದು ಯೆಹೋಶುವ ಹೇಳಿದ, ನಿಂತಿತು ಎಂದು ಬೈಬಲ್ಲಿನಲ್ಲಿದೆ. ಆಗ ಸೂರ್ಯ ಭೂಮಿಯನ್ನು ಸುತ್ತುತ್ತಿತ್ತು ಎಂದು ನಂಬುತ್ತೀರಾ? ಇಲ್ಲ, ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದರು ಬ್ರಯನ್. ಹಾಗಾದರೆ ನಿಂತದ್ದು ಸೂರ್ಯ ಹೇಗಾದೀತು? ಆಗ ಬ್ರಯನ್ ಕೊಟ್ಟ ಉತ್ತರಕ್ಕೆ ಎಲ್ಲರೂ ನಕ್ಕರು: ದೇವರು ಆ ಕಾಲದ ಜನಕ್ಕೆ ತಿಳಿಯುವ ಭಾಷೆಯನ್ನು ಬಳಸಿರಬಹುದು; ಡ್ಯಾರೋ ಹುಟ್ಟುವ ತನಕ ಯಾರಿಗೂ ತಿಳಿಯದ ಭಾಷೆಯನ್ನು ಬಳಸಿರಲಾರ.

ನಗು ಬಂದದ್ದು ನಿಜ. ಆದರೆ ಇದು ಬರೀ ಚಟಾಕಿ ಅಲ್ಲ, ಬಹಳ ಹಳೆಯ ವಾದ. ಸುಧಾರಣಾ ಪಂಥದ ದೊಡ್ಡ ಹೆಸರು ಜಾನ್ ಕ್ಯಾಲ್ವಿನ್ ಹದಿನಾರನೆಯ ಶತಮಾನದಲ್ಲೇ ಇದನ್ನು ಹೇಳಿದ್ದರು. ಆದಿಕಾಂಡ ಸೂರ್ಯನ ಜೊತೆ ಚಂದ್ರನನ್ನೂ ಎರಡು ದೊಡ್ಡ ದೀಪಗಳಲ್ಲಿ ಒಂದು ಎನ್ನುತ್ತದೆ. ಖಗೋಳ ಬಲ್ಲವರು ಶನಿಗ್ರಹ ಚಂದ್ರನಿಗಿಂತ ದೊಡ್ಡದು ಎಂದು ತೋರಿಸುತ್ತಾರೆ. ಮೋಶೆ ಬರೆದದ್ದು ಸಾಮಾನ್ಯ ಜನಕ್ಕೆ, ಕಣ್ಣಿಗೆ ಕಂಡಂತೆ ಬರೆದ, ಅಷ್ಟೇ ಎಂದರು ಕ್ಯಾಲ್ವಿನ್. ಅಂದರೆ ವಚನದ ಮಾತು ಒಂದು, ಅದು ಹೇಳಹೊರಟ ಸಂಗತಿ ಇನ್ನೊಂದು. ಬ್ರಯನ್ ಎರಡನೆಯ ಕೀಲಿಕೈಯನ್ನೂ ಮೇಜಿನ ಮೇಲಿಟ್ಟರು.

ಮಧ್ಯದಲ್ಲಿ ಜಲಪ್ರಳಯ ಬಂತು. ಹದಿನೇಳನೆಯ ಶತಮಾನದಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲ್ಲಿನ ವಂಶಾವಳಿಗಳನ್ನು ಕೂಡಿ ಕಳೆದು, ಸೃಷ್ಟಿ ಕ್ರಿಸ್ತಪೂರ್ವ 4004ರಲ್ಲಿ ಆಯಿತು ಎಂದು ಲೆಕ್ಕ ಹಾಕಿದ್ದರು. ಪ್ರಳಯ ಕ್ರಿಸ್ತಪೂರ್ವ 2348ರಲ್ಲಿ. ಈ ಇಸವಿಗಳು ಕಿಂಗ್ ಜೇಮ್ಸ್ ಬೈಬಲ್ಲಿನ ಪುಟದ ಅಂಚಿನಲ್ಲಿ ಅಚ್ಚಾಗತೊಡಗಿ, ಎಷ್ಟೋ ಜನ ಅವೂ ಬೈಬಲ್ಲೇ ಎಂದುಕೊಂಡಿದ್ದರು. ಅಂಚಿನ ಟಿಪ್ಪಣಿ ಮೂಲಕ್ಕೇ ಅಂಟಿಕೊಂಡಿತ್ತು. ಈ ಲೆಕ್ಕ ಹೇಗೆ ಮಾಡಿದರು ಎಂದು ಡ್ಯಾರೋ ಕೇಳಿದರು. ನಾನೆಂದೂ ಲೆಕ್ಕ ಮಾಡಿಲ್ಲ ಎಂದರು ಬ್ರಯನ್.

‘ನಿಮಗೆ ಏನನಿಸುತ್ತದೆ?’

‘ನಾನು ಯೋಚಿಸದ ವಿಷಯಗಳ ಬಗ್ಗೆ ನಾನು ಯೋಚಿಸುವುದಿಲ್ಲ.’

‘ಯೋಚಿಸುವ ವಿಷಯಗಳ ಬಗ್ಗೆ ಯೋಚಿಸುತ್ತೀರಾ?’

‘ಹೂಂ, ಕೆಲವೊಮ್ಮೆ.’

ಜನ ಗೊಳ್ಳೆಂದರು. ಈ ಪ್ರಕರಣದಲ್ಲಿ ಜಾಸ್ತಿ ಪ್ರಸಿದ್ಧವಾದ ಮಾತು ಇದೇ. ನನಗೆ ಇದರಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಬಿಸಿಲಿನ ಹೊತ್ತು, ಸುಸ್ತಾದ ಮನುಷ್ಯ, ಬಾಯಿತಪ್ಪಿ ಬಂದ ಮಾತು. ಮೊದಲ ಮನುಷ್ಯ ಆದಾಮನ ಮಗ ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು ಎಂಬ ಪ್ರಶ್ನೆಯೂ ಅಷ್ಟೇ. ಅವಳನ್ನು ಹುಡುಕುವ ಕೆಲಸ ಸಂದೇಹವಾದಿಗಳಿಗೇ ಬಿಟ್ಟಿದ್ದೇನೆ ಎಂದು ಬ್ರಯನ್ ಅದನ್ನು ಚೆನ್ನಾಗೇ ತಳ್ಳಿಹಾಕಿದರು.

ಕೊನೆಗೆ ಬಂದದ್ದು ದಿನದ ಪ್ರಶ್ನೆ. ದೇವರು ಭೂಮಿಯನ್ನು ಆರು ದಿನದಲ್ಲಿ ಮಾಡಿದ ಎಂದು ನಂಬುತ್ತೀರಾ?

‘24 ಗಂಟೆಯ ಆರು ದಿನ ಅಲ್ಲ.’

ಸ್ಟೂವರ್ಟ್ ಎದ್ದು ನಿಂತು ಈ ವಿಚಾರಣೆಯ ಉದ್ದೇಶವಾದರೂ ಏನು ಎಂದು ಕೇಳಿದರು. ಎರಡೂ ಕಡೆ ದನಿ ಏರಿತು. ಬ್ರಯನ್ ಮಾತ್ರ ಹಿಂದೆ ಸರಿಯಲಿಲ್ಲ. ‘ಸಾಯಂಕಾಲವೂ ಪ್ರಾತಃಕಾಲವೂ ಆಗಿ’ ಎಂಬ ಮಾತನ್ನು 24 ಗಂಟೆಯ ದಿನ ಎಂದೇ ಹಿಡಿಯಬೇಕಾಗಿಲ್ಲ ಎಂದರು. ಎರಡನೆಯ ಅಧ್ಯಾಯದಲ್ಲಿ ಭೂಮಿ ಆಕಾಶಗಳನ್ನು ದೇವರು ಉಂಟುಮಾಡಿದ ‘ದಿನದಲ್ಲಿ’ ಎಂದು ಇಡೀ ಸೃಷ್ಟಿಕಾಲಕ್ಕೇ ದಿನ ಎಂಬ ಮಾತು ಬಂದಿರುವುದನ್ನು ತೋರಿಸಿದರು. ದಿನ ಎಂದರೆ ಒಂದು ಕಾಲಾವಧಿ. ಎಷ್ಟು ಉದ್ದ ಎಂದು ಗೊತ್ತಿಲ್ಲ. ತಾವು ನಂಬುವ ದೇವರಿಗೆ ಆರು ದಿನದಲ್ಲಿ ಮಾಡುವುದೂ ಒಂದೇ, 60 ಕೋಟಿ ವರ್ಷದಲ್ಲಿ ಮಾಡುವುದೂ ಒಂದೇ. ಮೂರನೆಯ ಕೀಲಿಕೈ.

ಹೊಟ್ಟೆಯ ಮೇಲೆ ಹರಿದಾಡು ಎಂದು ದೇವರು ಶಪಿಸುವ ಮೊದಲು ಹಾವು ಹೇಗೆ ನಡೆಯುತ್ತಿತ್ತು, ಬಾಲದ ಮೇಲೆಯೇ ಎಂದು ಡ್ಯಾರೋ ಕೇಳುವ ಹೊತ್ತಿಗೆ ಇಬ್ಬರಿಗೂ ಸಿಟ್ಟು ನೆತ್ತಿಗೇರಿತ್ತು. ಈ ವಕೀಲರು ಬೈಬಲ್ಲನ್ನು ಹೀಗಳೆಯಲು ಬಂದಿದ್ದಾರೆ ಎಂದು ಬ್ರಯನ್, ನಿಮ್ಮ ಮೂರ್ಖ ವಿಚಾರಗಳನ್ನು ಬುದ್ಧಿಯಿರುವ ಯಾವ ಕ್ರೈಸ್ತನೂ ನಂಬುವುದಿಲ್ಲ ಎಂದು ಡ್ಯಾರೋ. ನ್ಯಾಯಾಧೀಶರು ಕಲಾಪ ನಿಲ್ಲಿಸಿ ಎದ್ದರು.

ಬೀಗ ಇದ್ದದ್ದು ಎಲ್ಲಿ

ಒಟ್ಟಿಗೆ ಇಟ್ಟು ನೋಡಿ. ಉಪಮೆಯನ್ನು ಉಪಮೆ ಎಂದೇ ಓದಬೇಕು. ಕೇಳುವವರ ಕಾಲಕ್ಕೆ ತಕ್ಕ ಭಾಷೆಯಲ್ಲಿ ದೇವರು ಮಾತಾಡಿರಬಹುದು. ಒಂದು ಪದಕ್ಕೆ ಒಂದೇ ಅರ್ಥ ಇರಬೇಕಾಗಿಲ್ಲ. ಈ ಮೂರನ್ನೂ ಒಪ್ಪಿದ್ದು ಸಂದೇಹವಾದಿಯಲ್ಲ, ಬ್ರಯನ್. ಈ ಮೂರು ಕೀಲಿಕೈ ಕೈಯಲ್ಲಿದ್ದರೆ ಆದಿಕಾಂಡದ ಯಾವ ಬಾಗಿಲನ್ನೂ ತೆರೆಯಬಹುದು. ‘ದೇವರು ಮನುಷ್ಯನನ್ನು ಮಣ್ಣಿನಿಂದ ರೂಪಿಸಿದ’ ಎಂಬುದನ್ನೂ. ಸೂರ್ಯ ನಿಂತದ್ದು ಕಾಲದ ಭಾಷೆ ಎನ್ನುವುದಾದರೆ ಮಣ್ಣು ಯಾಕಾಗಬಾರದು? ದಿನ ಕೋಟ್ಯಂತರ ವರ್ಷಕ್ಕೆ ಹಿಗ್ಗಬಹುದಾದರೆ, ರೂಪಿಸುವ ಕೆಲಸವೂ ಅಷ್ಟು ಕಾಲ ಹಿಡಿದಿರಬಹುದಲ್ಲ?

ಬ್ರಯನ್ ಅಲ್ಲಿಗೆ ಮಾತ್ರ ಬೀಗ ಹಾಕಿದರು. ವಚನದಲ್ಲಿ ಅದಕ್ಕೆ ಕಾರಣ ಇರಲಿಲ್ಲ. ಮಣ್ಣಿನ ಮಾತು ಉಪ್ಪಿನ ಮಾತಿಗಿಂತ ಜಾಸ್ತಿ ನೇರವೇನಲ್ಲ. ಕಾರಣ ಅವರ ಭಯದಲ್ಲಿತ್ತು. ಮನುಷ್ಯ ಪ್ರಾಣಿಯ ಸಂತಾನ ಎಂದಾದರೆ ದುರ್ಬಲನ ಘನತೆಗೆ ಆಧಾರ ಏನು? ಭೂಮಿಯ ವಯಸ್ಸು ಹೆಚ್ಚಾದರೆ ಅವರು ಕಳೆದುಕೊಳ್ಳುವುದು ಏನೂ ಇರಲಿಲ್ಲ. ಹಾಗಾಗಿ ದಿನವನ್ನು ಸಲೀಸಾಗಿ ಹಿಗ್ಗಿಸಿದರು. ಮನುಷ್ಯನ ವಿಷಯದಲ್ಲಿ ಬಹಳ ಇತ್ತು. ಅಲ್ಲಿ ಒಂದಿಂಚೂ ಜಾಗ ಬಿಡಲಿಲ್ಲ.

ನಾನು ಈ ಪ್ರಕರಣದಿಂದ ಕಂಡುಕೊಂಡದ್ದು ಇದನ್ನೇ. ಪೂರ್ತಿ ಅಕ್ಷರಶಃ ಓದುವವನು ಎಲ್ಲೂ ಇಲ್ಲ. ಎಲ್ಲರ ಕೈಯಲ್ಲೂ ಒಂದು ಗೆರೆ ಇರುತ್ತದೆ. ಈ ಕಡೆ ನೇರ, ಆ ಕಡೆ ಸಂಕೇತ. ಆ ಗೆರೆ ಎಲ್ಲಿ ಬಿತ್ತು ಎಂದು ನೋಡಿದರೆ, ಓದುವವನು ಏನನ್ನು ಕಳೆದುಕೊಳ್ಳಲು ಹೆದರುತ್ತಾನೆ ಎಂಬುದು ಗೊತ್ತಾಗುತ್ತದೆ. ಗೆರೆ ಎಳೆದದ್ದು ಗ್ರಂಥವೇ ಎಂದು ಅವನು ಪ್ರಾಮಾಣಿಕವಾಗಿ ನಂಬಿರುತ್ತಾನೆ. ತೊಂದರೆ ಇರುವುದು ಅಲ್ಲಿ.

ಭಯವನ್ನು ಸುಮ್ನೆ ಗೇಲಿ ಮಾಡಲೂ ನನಗೆ ಮನಸ್ಸಿಲ್ಲ. ಎಲ್ಲವೂ ಸಂಕೇತವೇ ಎನ್ನುವುದು ಕೇಳಲು ಸುಲಭ. ಆದರೆ ಕ್ರೈಸ್ತ ನಂಬಿಕೆಯ ನಡುಗಂಬವೇ ಒಂದು ಘಟನೆ. ಕ್ರಿಸ್ತ ಸಾವಿನಿಂದ ಎದ್ದು ಬರದಿದ್ದರೆ ನಿಮ್ಮ ನಂಬಿಕೆ ವ್ಯರ್ಥ ಎಂದು ಕ್ರೈಸ್ತ ಧರ್ಮದ ಆದಿ ಪ್ರಚಾರಕ ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ಆದಿಕಾಂಡದಲ್ಲಿ ಒಂದು ಎಳೆ ಬಿಚ್ಚಿದರೆ ಅದು ಅಲ್ಲಿಗೇ ನಿಲ್ಲುತ್ತದೆ ಎಂಬ ಖಾತ್ರಿ ಏನು ಎಂದು ಒಬ್ಬ ಭಕ್ತ ಕೇಳಿದರೆ ಅದು ದಡ್ಡ ಪ್ರಶ್ನೆಯಲ್ಲ.

ಇನ್ನು ಡ್ಯಾರೋ. ಅವರ ಅಭಿಮಾನಿಗಳಿಗೆ ಇದು ರುಚಿಸಲಿಕ್ಕಿಲ್ಲ. ಆ ಮಧ್ಯಾಹ್ನ ಬೈಬಲ್ಲನ್ನು ಬ್ರಯನ್‌ಗಿಂತ ಚಪ್ಪಟೆಯಾಗಿ ಓದಿದ್ದು ಡ್ಯಾರೋ. ಮೀನು ಎಂದರೆ ಮೀನು, ದಿನ ಎಂದರೆ ದಿನ, ಹಾವು ಎಂದರೆ ಹಾವು. ವರದಿಯ ಹಾಗೆ ಓದಿ, ವರದಿ ಸುಳ್ಳು ಎಂದು ತೋರಿಸಿ ಬದಿಗೆ ಸರಿಸುವುದು ಅವರ ದಾರಿ. ನಂಬುವವನೂ ನಂಬದವನೂ ಒಂದೇ ಕನ್ನಡಕ ಹಾಕಿದ್ದರು. ಒಬ್ಬರು ನಿಜವಾದ ವರದಿ ಎಂದರು, ಇನ್ನೊಬ್ಬರು ಸುಳ್ಳು ವರದಿ ಎಂದರು. ಅದು ವರದಿಯೇ ಹೌದಾ ಎಂದು ಇಬ್ಬರೂ ಕೇಳಲಿಲ್ಲ.

ಇಲ್ಲಿ ನಮ್ಮ ಭಾಷೆಯ ಒಂದು ಮಾತು ನೆನಪಾಗುತ್ತದೆ. ಕನ್ನಡದಲ್ಲಿ ‘ಪುರಾಣ’ಕ್ಕೆ ಎರಡು ಮುಖ. ಪುರಾಣ ಕೇಳಲು ಕೂತವರು ಸುಳ್ಳು ಕೇಳಲು ಕೂತಿರುವುದಿಲ್ಲ. ಅದೇ ಜನ ‘ನಿನ್ನ ಪುರಾಣ ಸಾಕು’ ಎಂದೂ ಬೈಯುತ್ತಾರೆ. ‘ಕಟ್ಟುಕಥೆ’ ಎನ್ನುವುದು ಬೇರೆಯೇ. ಡ್ಯಾರೋ ಬೈಬಲ್ಲನ್ನು ಕಟ್ಟುಕಥೆಯ ಗೂಡಿಗೆ ತಳ್ಳಿದರು. ಪುರಾಣ ಎಂಬ ಗೂಡು ಆ ಹುಲ್ಲುಹಾಸಿನ ಮೇಲೆ ಇರಲೇ ಇಲ್ಲ.

ನಾಲ್ಕನೆಯ ದಿನದ ದೀಪ

ಡ್ಯಾರೋ ಕೇಳಿದ ಪ್ರಶ್ನೆಗಳಲ್ಲಿ ಒಂದು ಮಾತ್ರ ನಿಜಕ್ಕೂ ಒಳ್ಳೆಯದು. ಸೂರ್ಯ ಬಂದದ್ದು ನಾಲ್ಕನೆಯ ದಿನ. ಹಾಗಾದರೆ ಮೊದಲ ಮೂರು ದಿನ ಸೂರ್ಯನಿಲ್ಲದೆ ಸಾಯಂಕಾಲ ಪ್ರಾತಃಕಾಲ ಹೇಗಾಯಿತು? ಬ್ರಯನ್ ಮತ್ತೆ ಕಾಲಾವಧಿ ಎಂದರು. ಅದು ಉತ್ತರವೇ ಅಲ್ಲ. ಅವಧಿ ಎಷ್ಟೇ ಉದ್ದವಿರಲಿ, ಸೂರ್ಯ ಬೇಕಲ್ಲ?

ಈ ಪ್ರಶ್ನೆ ಹೊಸದೇನಲ್ಲ. ಮೂರನೆಯ ಶತಮಾನದಲ್ಲಿ ಆರಿಜೆನ್ ಎಂಬ ಕ್ರೈಸ್ತ ಪಂಡಿತ ಇದನ್ನೇ ಕೇಳಿದ್ದ. ಸೂರ್ಯ ಚಂದ್ರ ನಕ್ಷತ್ರ ಇಲ್ಲದೆ ಮೊದಲ ಮೂರು ದಿನ ಇದ್ದವು ಎಂದು ಬುದ್ಧಿಯಿರುವ ಯಾರು ತಾನೇ ನಂಬುತ್ತಾರೆ ಎಂದ. ಅವನು ಅದರಿಂದ ಎಳೆದ ತೀರ್ಮಾನ ಮಾತ್ರ ಡ್ಯಾರೋ ಎಳೆದದ್ದಲ್ಲ: ಇಂಥ ಕಡೆ ಗ್ರಂಥವೇ ನಮ್ಮನ್ನು ತಡೆದು, ಇನ್ನೊಂದು ಅರ್ಥ ಹುಡುಕು ಎನ್ನುತ್ತಿದೆ. ಅವನ ನಂತರ ಬಂದ ಇನ್ನೊಬ್ಬ ಕ್ರೈಸ್ತ ಪಂಡಿತ ಅಗಸ್ಟೀನ್ ಆದಿಕಾಂಡದ ಮೇಲೆ ಮತ್ತೆ ಮತ್ತೆ ಬರೆದ. ಭೂಮಿ, ಆಕಾಶ, ನಕ್ಷತ್ರಗಳ ಬಗ್ಗೆ ಗೊತ್ತಿರುವ ಅನ್ಯರ ಮುಂದೆ ಕ್ರೈಸ್ತರು ಗ್ರಂಥದ ಹೆಸರಿನಲ್ಲಿ ಅಸಂಬದ್ಧ ಮಾತಾಡಿ ನಗೆಪಾಟಲಾಗಬಾರದು ಎಂದು ಎಚ್ಚರಿಸಿದ. ಸಂಕೇತವಾಗಿ ಓದುವುದು ವಿಜ್ಞಾನಕ್ಕೆ ಹೆದರಿ ಈಚೆಗೆ ಹುಡುಕಿಕೊಂಡ ನೆಪ ಎನ್ನುವವರು ಈ ಇಬ್ಬರನ್ನು ಓದಬೇಕು.

ಈಗ ಆ ಅಧ್ಯಾಯವನ್ನೇ ಹತ್ತಿರದಿಂದ ನೋಡೋಣ. ಮೊದಲ ದಿನ ಬೆಳಕು, ಕತ್ತಲೆ. ಎರಡನೆಯ ದಿನ ಆಕಾಶ, ನೀರು. ಮೂರನೆಯ ದಿನ ನೆಲ, ಗಿಡಮರ. ನಾಲ್ಕನೆಯ ದಿನ ಸೂರ್ಯ, ಚಂದ್ರ, ನಕ್ಷತ್ರ. ಐದನೆಯ ದಿನ ಹಕ್ಕಿ, ಮೀನು. ಆರನೆಯ ದಿನ ನೆಲದ ಪ್ರಾಣಿಗಳು, ಮನುಷ್ಯ. ಎರಡು ಸಾಲು ಮಾಡಿ ಪಕ್ಕದಲ್ಲಿ ಬರೆದುಕೊಳ್ಳಿ. ಒಂದಕ್ಕೆ ನಾಲ್ಕು ಜೋಡಿ, ಎರಡಕ್ಕೆ ಐದು, ಮೂರಕ್ಕೆ ಆರು. ಮೊದಲ ಮೂರು ದಿನ ಮನೆ ಕಟ್ಟುವುದು, ಮುಂದಿನ ಮೂರು ದಿನ ಒಕ್ಕಲು ಕೂರಿಸುವುದು. ಬರೆದವನಿಗೆ ಸೂರ್ಯ ಮರೆತುಹೋಗಿರಲಿಲ್ಲ. ಬೇಕೆಂದೇ ಆ ಜಾಗದಲ್ಲಿ ಇಟ್ಟಿದ್ದಾನೆ.

ಇನ್ನೊಂದು ಸಂಗತಿ. ಆ ಅಧ್ಯಾಯದಲ್ಲಿ ‘ಸೂರ್ಯ’, ‘ಚಂದ್ರ’ ಎಂಬ ಹೆಸರುಗಳೇ ಇಲ್ಲ. ‘ದೊಡ್ಡ ದೀಪ’, ‘ಚಿಕ್ಕ ದೀಪ’ ಎಂದಷ್ಟೇ ಇದೆ. ಸುತ್ತಲಿನ ಜನರಿಗೆ ಸೂರ್ಯ ದೇವರು, ಚಂದ್ರ ದೇವರು. ಬಾಬಿಲೋನಿನಲ್ಲಿ ಸೂರ್ಯನಿಗೆ ಶಮಶ್ ಎಂದು ಹೆಸರು, ಗುಡಿ, ಪೂಜೆ ಎಲ್ಲ ಇತ್ತು. ಇಲ್ಲಿ ಅವನು ನಾಲ್ಕನೆಯ ದಿನ ತೂಗುಹಾಕಿದ ಒಂದು ದೀಪ. ಹೆಸರೂ ಇಲ್ಲ. ಅದನ್ನು ಮೊದಲು ಕೇಳಿದವರಿಗೆ ಎಷ್ಟು ಚುರುಕು ಮುಟ್ಟಿರಬೇಕು! ‘ಬೆಳಕು ಎಲ್ಲಿಂದ ಬಂತು’ ಎಂದು ಭೌತಶಾಸ್ತ್ರದ ಲೆಕ್ಕ ಹಾಕುತ್ತ ಕೂತರೆ ಈ ಚುರುಕು ಕೈಗೇ ಸಿಗುವುದಿಲ್ಲ.

ಇದನ್ನು ಆ ದಿನ ಹೇಳಬಲ್ಲವರು ಇರಲಿಲ್ಲವೇ? ಇದ್ದರು. ಬಾಬಿಲೋನಿನ ಸೃಷ್ಟಿಕಥೆಯ ಜೇಡಿಮಣ್ಣಿನ ಫಲಕಗಳನ್ನು ಜಾರ್ಜ್ ಸ್ಮಿತ್ 1876ರಲ್ಲೇ ಅನುವಾದಿಸಿ ಪ್ರಕಟಿಸಿದ್ದರು. ಡೇಟನ್ನಿಗೆ ಅರ್ಧ ಶತಮಾನದ ಹಿಂದೆ. ಪ್ರತಿವಾದಿ ಕಡೆಯ ಪರಿಣತರ ಪಟ್ಟಿಯಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಧರ್ಮಶಾಸ್ತ್ರ ವಿಭಾಗದ ಡೀನ್ ಶೇಲರ್ ಮ್ಯಾಥ್ಯೂಸ್ ಇದ್ದರು. ಹೀಬ್ರೂ ಬಲ್ಲ ರಬ್ಬಿ ಹರ್ಮನ್ ರೋಸೆನ್‌ವಾಸರ್ ಇದ್ದರು. ದೇವರನ್ನೂ ನಂಬಿ ವಿಕಾಸವನ್ನೂ ಒಪ್ಪಿದ ವಿಜ್ಞಾನಿಗಳಿದ್ದರು. ಅವರ ಹೇಳಿಕೆಗಳು ಕಡತಕ್ಕೆ ಹೋದವು, ಜ್ಯೂರಿಗೆ ತಲುಪಲಿಲ್ಲ. ಓದುವುದು ಹೇಗೆಂದು ಗೊತ್ತಿದ್ದವರನ್ನು ಹೊರಗಿಟ್ಟು, ಇಬ್ಬರು ರಾಜಕೀಯ ವಾಗ್ಮಿಗಳನ್ನು ಎದುರುಬದುರು ಕೂರಿಸಿದಂತಾಯಿತು. ನೋಡಲು ಚೆನ್ನಾಗಿತ್ತು, ಅಷ್ಟೇ.

ಆಮೇಲೆ

ಮರುದಿನ, ಜುಲೈ 21. ಬ್ರಯನ್ ಹೇಳಿದ ಸಾಕ್ಷ್ಯಕ್ಕೂ ಮೊಕದ್ದಮೆಗೂ ಸಂಬಂಧವಿಲ್ಲ ಎಂದು ರಾಲ್ಸ್ಟನ್ ಅದನ್ನು ಕಲಾಪದಿಂದ ತೆಗೆದುಹಾಕಿದರು. ಡ್ಯಾರೋ ಅವರನ್ನು ಸಾಕ್ಷಿ ಕಟ್ಟೆಗೆ ಕರೆಯುವ ಬ್ರಯನ್ ಅವರ ಸರದಿ ಬರಲೇ ಇಲ್ಲ. ಮೇಲಿನ ಕೋರ್ಟಿಗೆ ಹೋಗಬೇಕಾಗಿದ್ದ ಡ್ಯಾರೋ ತಮ್ಮ ಕಕ್ಷಿದಾರನೇ ತಪ್ಪಿತಸ್ಥ ಎಂದು ತೀರ್ಪು ಕೊಡಿ ಎಂದು ಜ್ಯೂರಿಯನ್ನು ಕೇಳಿಕೊಂಡರು. ಬ್ರಯನ್ ಬರೆದಿಟ್ಟುಕೊಂಡಿದ್ದ ಕೊನೆಯ ಭಾಷಣವೂ ಹಾಗೇ ಉಳಿಯಿತು. ಸ್ಕೋಪ್ಸ್‌ಗೆ 100 ಡಾಲರ್ ದಂಡ. ಜುಲೈ 26ರ ಭಾನುವಾರ ಬ್ರಯನ್ ಡೇಟನ್ನಿನಲ್ಲೇ ತೀರಿಕೊಂಡರು.

1927ರಲ್ಲಿ ಟೆನೆಸ್ಸಿಯ ಸುಪ್ರೀಂ ಕೋರ್ಟ್ ಕಾಯ್ದೆ ಸರಿಯಿದೆ ಎಂದಿತು, ಶಿಕ್ಷೆಯನ್ನು ಮಾತ್ರ ರದ್ದು ಮಾಡಿತು. ಕಾರಣ? 50 ಡಾಲರ್ ಮೀರಿದ ದಂಡವನ್ನು ಜ್ಯೂರಿ ಹಾಕಬೇಕಿತ್ತು, ನ್ಯಾಯಾಧೀಶರು ಹಾಕಿದ್ದರು. ಗ್ರಂಥದ ಪ್ರಶ್ನೆ ಹೀಗೆ ಲೆಕ್ಕದ ತಪ್ಪಿನಲ್ಲಿ ಮುಗಿಯಿತು. ಕಾಯ್ದೆ 1967ರವರೆಗೂ ಇತ್ತು.

1955ರಲ್ಲಿ ಈ ಪ್ರಕರಣದ ಮೇಲೆ ನಾಟಕ ಬಂತು, 1960ರಲ್ಲಿ ಸಿನಿಮಾ. ಬಹಳ ಜನರ ನೆನಪಿನಲ್ಲಿರುವುದು ಅದರಲ್ಲಿನ ಬ್ರಯನ್, ದಾಖಲೆಯಲ್ಲಿನ ಬ್ರಯನ್ ಅಲ್ಲ. ನಿಜವಾದ ಬ್ರಯನ್ ದಿನವನ್ನು ಹಿಗ್ಗಿಸಿದ್ದರು. ಅವರ ನಂತರದವರು ಅದನ್ನು ಕುಗ್ಗಿಸಿದರು. 1961ರಲ್ಲಿ ಜಾನ್ ವಿಟ್‌ಕಾಂಬ್ ಮತ್ತು ಹೆನ್ರಿ ಮಾರಿಸ್ ಎಂಬ ಇಬ್ಬರು ಜಲಪ್ರಳಯದ ಮೇಲೆ ಬರೆದ ಪುಸ್ತಕದ ನಂತರ, 24 ಗಂಟೆಯ ಆರು ದಿನ, ಕೆಲವೇ ಸಾವಿರ ವರ್ಷದ ಭೂಮಿ ಎಂಬ ವಾದಕ್ಕೆ ಹೊಸ ಬಲ ಬಂತು. ಅಂದರೆ ಅಕ್ಷರಶಃ ಓದುವುದು ಹಳೆಯದು, ಸಂಕೇತವಾಗಿ ಓದುವುದು ಹೊಸದು ಎಂಬ ಲೆಕ್ಕ ಈ ಪ್ರಕರಣದಲ್ಲೇ ತಲೆಕೆಳಗಾಗುತ್ತದೆ. 1925ರಲ್ಲಿ ಬ್ರಯನ್ ಬಿಟ್ಟುಕೊಟ್ಟ ಜಾಗವನ್ನು ಮುಂದಿನ ತಲೆಮಾರು ವಾಪಸ್ ಕೇಳಿತು.

ಒಂದು ಸಂಗತಿ ಉಳಿದಿದೆ. ಹುಲ್ಲುಹಾಸಿನ ಮೇಲೆ ಆ ಎರಡು ಗಂಟೆ ಜ್ಯೂರಿ ಇರಲೇ ಇಲ್ಲ. ಹೊರಗೆ ಕಳಿಸಿದ್ದರು. ಉಪ್ಪಿನ ಮಾತು, ಸೂರ್ಯನ ಮಾತು, ದಿನದ ಮಾತು, ಯಾವುದೂ ಅವರ ಕಿವಿಗೆ ಬೀಳಲಿಲ್ಲ. ಆ ಹನ್ನೆರಡು ಜನರಲ್ಲಿ ಒಬ್ಬನಿಗೆ ಓದಲು ಬರುತ್ತಿರಲಿಲ್ಲ. ಜ್ಯೂರಿ ಆರಿಸುವ ದಿನ ಅವನನ್ನು ಕೇಳಿದ್ದರು, ಓದಲು ಬಾರದಿರುವುದು ಕಣ್ಣಿನ ತೊಂದರೆಯಿಂದಲೇ ಎಂದು. ಇಲ್ಲ, ನಾನು ಓದು ಕಲಿತವನಲ್ಲ ಎಂದ. ಎರಡೂ ಕಡೆಯವರು ಅವನನ್ನು ಇರಲಿ ಎಂದರು. ಜುಲೈ 21ರಂದು ಅವನೂ ಉಳಿದ ಹನ್ನೊಂದು ಜನರೂ ಒಂಬತ್ತು ನಿಮಿಷದಲ್ಲಿ ತೀರ್ಪು ಕೊಟ್ಟರು.